ಮೊದಲ ಎಲೆಗೆ ಅನ್ನವಿಲ್ಲ

ಇಂದುಧರ ಆಶ್ರಮಕ್ಕೆ ಬಂದಾಗ ಅವನ ಹೆಗಲ ಚೀಲ ಪುಸ್ತಕ ತುಂಬಿ ಬಿರಿಯುವಂತಿತ್ತು.

ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು ಅವನು. ಇಷ್ಟು ಕಾಲ ಕಲಿಸಿದ ಪ್ರೋಗ್ರಾಮಿಂಗ್ ಭಾಷೆ ಹಳೆಯದಾಯಿತು, ಹೊಸದರಲ್ಲಿ ಸರ್ಟಿಫಿಕೇಟ್ ತಂದರೆ ಮಾತ್ರ ನಿನಗೆ ತರಗತಿ ಎಂದು ಅಲ್ಲಿಯ ಪ್ರಾಂಶುಪಾಲರು ಹೇಳಿದ್ದರು. ಆ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ಪಾಪ, ಪಾಠ ಹೇಳುವುದು ಬಿಟ್ಟರೆ ಅವನಿಗೆ ಬೇರೆ ಪ್ರಪಂಚವೇ ಇರಲಿಲ್ಲ.

ಹೊಳೆದಂಡೆಯ ಆ ಆಶ್ರಮದಲ್ಲಿದ್ದ ಮರುಳಯ್ಯನವರು ಹಿಂದೆ ಅವನಿಗೆ ಕಂಪ್ಯೂಟರ್ ಕಲಿಸಿದ ಗುರುಗಳು.

ಪುಸ್ತಕಗಳನ್ನು ಅವರ ಮುಂದೆ ಹರವಿ, ಯಾವುದನ್ನು ಓದಲಿ ಎಂದು ಕೇಳಿದ. ಗುರುಗಳು ಒಂದನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ಪಂಕ್ತಿಯಲ್ಲಿ ಕೂರುವವರ ಹೆಸರನ್ನು ಸಾಲಾಗಿ ತೋರಿಸುವ ಪ್ರೋಗ್ರಾಂ ಒಂದನ್ನು ಹೊಸ ಭಾಷೆಯಲ್ಲಿ ಬರಿ, ಅದು ತೋರಿಸಿದವರಿಗೆ ಬಡಿಸು ಎಂದರು.

ಇಷ್ಟೇ ತಾನೇ! ಇಂಥದ್ದು ಅವನಿಗೆ ನೀರು ಕುಡಿದಷ್ಟು ಸುಲಭ.

ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಒಂದೊಂದೇ ಹೆಸರು ತೋರಿಸಿತು. ಇಂದುಧರ ಹೆಸರು ನೋಡುವುದು, ಬಡಿಸುವುದು, ಹೀಗೇ ಕೊನೆಯ ಎಲೆಯವರೆಗೂ ಹೋದ. ಬೀಗುತ್ತಾ ತಿರುಗಿ ನೋಡಿದರೆ ಯಾರೂ ಅನ್ನಕ್ಕೆ ಕೈ ಹಾಕಿಲ್ಲ.

ಗುರುಗಳು ಮೊದಲ ತುತ್ತು ಎತ್ತದೆ ಅಲ್ಲಿ ಯಾರೂ ಉಣ್ಣುವ ಪದ್ಧತಿಯಿಲ್ಲ. ಸಾಲಿನ ಮೊದಲಿಗೆ ಕೂತಿದ್ದ ಗುರುಗಳ ಎಲೆಯೋ, ಖಾಲಿ.

ಅವನು ಓಡಿಹೋಗಿ ಪ್ರೋಗ್ರಾಂ ತೆರೆದು ನೋಡಿದ. ಹಳೆಯ ಭಾಷೆಯಲ್ಲಿ ಸಾಲಿನ ಎಣಿಕೆ ಒಂದರಿಂದ ಶುರು, ಹೊಸದರಲ್ಲಿ ಸೊನ್ನೆಯಿಂದ. ಕೈ ರೂಢಿಯಂತೆ ಒಂದರಿಂದ ಎಣಿಸಿ, ಸೊನ್ನೆಯ ಜಾಗದಲ್ಲಿದ್ದ ಗುರುಗಳನ್ನೇ ಬಿಟ್ಟುಬಿಟ್ಟಿದ್ದ.

“ಇದನ್ನು ಯಾವ ಪುಸ್ತಕವೂ ಹೇಳಲಿಲ್ಲವೇನಪ್ಪಾ?” ಗುರುಗಳು ನಗುತ್ತಾ ಕೇಳಿದರು.

“ಎಲ್ಲದರಲ್ಲೂ ಮೊದಲ ಅಧ್ಯಾಯದಲ್ಲೇ ಇರುತ್ತೆ ಗುರುಗಳೇ. ನಾನು ಮೇಷ್ಟ್ರಲ್ವಾ, ನನಗ್ಯಾಕೆ ಅಂತ ಅದನ್ನು ಯಾವುದರಲ್ಲೂ ಓದಲಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆ ಅಕ್ಕರೆಯ ಮುಖ ಕಂಡು ಅಳುವೇ ಬಂತು. ಹಾಗಾದರೆ ಈಗ ಯಾವುದನ್ನು ಓದಲಿ ಎಂದು ಮೆಲ್ಲಗೆ ಕೇಳಿದ.

ಗುರುಗಳು ಅವನನ್ನು ಹತ್ತಿರ ಕರೆದು ಬೆನ್ನು ಸವರಿದರು.

“ಏನೂ ಬಾರದ ಹುಡುಗ ನಿನ್ನ ಹತ್ತಿರ ಬಂದರೆ ಯಾವ ಪುಸ್ತಕ ಕೊಡ್ತೀಯೋ, ಅದನ್ನೇ ನೀನೂ ಓದು ಮಗು. ಈಗ ಬೇಗ ಬಡಿಸು, ನಿನ್ನ ಜಾಣತನಕ್ಕೆ ಇಷ್ಟು ಜನ ಹಸಿದು ಕೂತಿದ್ದಾರೆ.”