ಒಳಪದರಕ್ಕೆ ಹೋದ ಸೀರೆ

"ಗುರುಗಳೇ, ಶುರುವಿನಲ್ಲಿದ್ದ ಹುರುಪು ನಡುವಿಗೆ ಬರುವಷ್ಟರಲ್ಲಿ ಎಲ್ಲಿ ಹೋಗುತ್ತದೆ?" ಎಂದು ದಾನಪ್ಪ ಕೇಳಿದ.

ದಾನಪ್ಪ ಚಿತ್ರಕತೆ ಬರೆಯುವುದನ್ನು ಕಲಿಯಲು ಗುರುಗಳ ಬಳಿ ಬಂದವನು. ಎರಡು ವರ್ಷದ ಹಿಂದೆ ತೀರಿಹೋದ ತಂದೆಯ ಗೋಲಿ ಸೋಡಾ ಅಂಗಡಿಯ ಕತೆಯನ್ನು ಸಿನಿಮಾಕ್ಕಾಗಿ ಬರೆಯತೊಡಗಿದ್ದ. ನಲವತ್ತು ದೃಶ್ಯಗಳಾಗಿದ್ದವು. ನಲವತ್ತರಲ್ಲೂ ತಂದೆ ಸೋಡಾ ಒಡೆಯುತ್ತಿದ್ದರು, ಗಿರಾಕಿಗಳೊಂದಿಗೆ ನಗುತ್ತಿದ್ದರು. ಕತೆ ಮಾತ್ರ ಅಂಗಡಿಯ ಕಟ್ಟೆ ಬಿಟ್ಟು ಇಳಿದಿರಲಿಲ್ಲ. ಮೊದಲ ಹತ್ತು ದೃಶ್ಯಗಳನ್ನೇ ಐದು ಸಲ ತಿದ್ದಿದ್ದ. ಈಗ ಮೂರು ತಿಂಗಳಿಂದ ಪೆನ್ನು ಮುಟ್ಟಿರಲಿಲ್ಲ.

"ಬಿಟ್ಟುಬಿಡೋಣ ಎನಿಸುತ್ತಿದೆ" ಎಂದ.

"ಬಿಡುವವನು ಹೇಳಿ ಕೇಳಿ ಬಿಡುವುದಿಲ್ಲ. ಕುಳಿತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳು. ಏಳು ತಿಂಗಳಿಗೆ ಕುಬಸದ ಶಾಸ್ತ್ರ ಮುಗಿಸಿ, ಬಸುರಿ ಮಗಳನ್ನು ಹೆರಿಗೆಗೆಂದು ಮನೆಗೆ ಕರೆತಂದಳು. ಹುಟ್ಟುವ ಕೂಸಿಗೆ ತವರಿನವರು ಕೌದಿ ಹೊಲಿದಿಡುವುದು ಆ ಕಡೆಯ ಪದ್ಧತಿ. ಹೊಸ ಬಟ್ಟೆ ಕೂಸಿನ ಮೈಗೆ ಒರಟು. ತೊಳೆದು ತೊಳೆದು ಮೆತ್ತಗಾದ ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲೇ ಹೊಲಿಯುತ್ತಾರೆ.

ಅದೇ ವರ್ಷ ಆಕೆಯ ತಾಯಿ ತೀರಿಕೊಂಡಿದ್ದಳು. ತಾಯಿಯ ಟ್ರಂಕಿನಲ್ಲಿ ಹನ್ನೊಂದು ಸೀರೆಗಳಿದ್ದವು. ಹನ್ನೊಂದೂ ಈ ಕೌದಿಯಲ್ಲಿ ಕಾಣಬೇಕು, ಕಂಡವರೆಲ್ಲ ಇದು ಅವ್ವನ ಸೀರೆಯೆಂದು ಗುರುತು ಹಿಡಿಯಬೇಕು ಎಂಬುದು ಆಕೆಯ ಆಸೆ.

ಮಧ್ಯಾಹ್ನದ ಕೆಲಸ ಮುಗಿಸಿ ನೆರೆಯ ನಾಲ್ವರು ಹೆಂಗಸರು ಸೂಜಿ ಪೋಣಿಸಿಕೊಂಡು ಬರುತ್ತಿದ್ದರು. ಆಕೆ ಟ್ರಂಕು ತೆರೆದು ಒಂದು ಸೀರೆ ಎತ್ತುವಳು. ಇದು ತನ್ನ ಮದುವೆಯಲ್ಲಿ ಅವ್ವ ಉಟ್ಟದ್ದು. ಇದರ ಸೆರಗಿನಲ್ಲಿ ಕಟ್ಟಿ ತಂದ ಬೋರೆಹಣ್ಣಿಗೆ ಅಣ್ಣತಮ್ಮಂದಿರು ಜಗಳಾಡಿದ್ದರು. ಈ ತೂತು ಒಲೆಯ ಕಿಡಿ ಸಿಡಿದು ಆದದ್ದು. ಎಲ್ಲರೂ ನಗುವರು, ಎಲ್ಲರೂ ಕಣ್ಣೊರೆಸಿಕೊಳ್ಳುವರು. ಚಹಾ ಆಗುವುದು, ಹೊತ್ತು ಇಳಿಯುವುದು, ಪೋಣಿಸಿದ ಸೂಜಿಗಳು ಪೋಣಿಸಿದಂತೆಯೇ ಮನೆಗೆ ಹೋಗುವವು. ಸುಳ್ಳೇಕೆ ಹೇಳಲಿ, ಅಂಥ ಮಧ್ಯಾಹ್ನಗಳ ಸುಖವೇ ಬೇರೆ. ನಾನೂ ಅರ್ಧ ಆಯುಷ್ಯವನ್ನು ಹಾಗೆ ಕಳೆದವನೇ.

ಆದರೆ ಕೇಳಿದ ಕತೆಯನ್ನು ಎಷ್ಟು ಸಲ ಕೇಳಿಯಾರು? ಮೊದಲು ಒಬ್ಬಳು ಬರುವುದನ್ನು ಬಿಟ್ಟಳು. ಆಮೇಲೆ ಉಳಿದವರೂ ಬಿಟ್ಟರು. ಮಗಳಿಗೆ ಎಂಟು ತಿಂಗಳು ತುಂಬಿತು. ಗಾಬರಿಯಾಗಿ ಆಕೆ ಒಬ್ಬಳೇ ಹೊಲಿಯಲು ಕುಳಿತಳು. ತಾಯಿ ನಿತ್ಯ ಉಡುತ್ತಿದ್ದ ಇಳಕಲ್ ಸೀರೆಯನ್ನು ಎಲ್ಲಕ್ಕಿಂತ ಮೇಲೆ ಹಾಸಿ, ಸರಿಯಾಗಿ ನಡುವಿನಿಂದ ಹೊಲಿಗೆ ಹಿಡಿದಳು. ಸೀರೆ ಜೀರ್ಣವಾಗಿತ್ತು, ಸೂಜಿ ಎಳೆದಲ್ಲಿ ಹರಿಯಿತು. ಬಿಚ್ಚಿ ಮತ್ತೆ ಹೊಲಿದಳು. ಇನ್ನೊಂದು ಕಡೆ ಹರಿಯಿತು. ಹದಿನೈದು ದಿನ ಹೊಲಿಯುವುದು, ಬಿಚ್ಚುವುದು. ಕೌದಿ ಒಂದು ಗೇಣು ಕೂಡ ಮುಂದೆ ಹೋಗಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು.

ಓಣಿಯ ತುದಿಯಲ್ಲಿ ಒಬ್ಬ ಮುದುಕಿಯಿದ್ದಳು. ಊರಿನ ಅರ್ಧ ಕೂಸುಗಳು ಮಲಗಿದ್ದು ಆಕೆ ಹೊಲಿದ ಕೌದಿಗಳಲ್ಲೇ. ಸುದ್ದಿ ಕೇಳಿ ಆಕೆ ಬಂದಳು, ಹರಿದ ಸೀರೆಯನ್ನು ನೋಡಿದಳು.

"ಇದನ್ನ ಯಾರ ಸಲುವಾಗಿ ಹೊಲ್ಯಾಕ ಹತ್ತಿ, ಮಗಳ?"

"ನಮ್ಮವ್ವನ ನೆನಪಿಗೆ, ಆಯಿ."

"ನಿಮ್ಮವ್ವಗ ಇನ್ನ ಥಂಡಿ ಹತ್ತಂಗಿಲ್ಲ. ಹೊತ್ಕೊಳ್ಳೂದು ಕೂಸು."

ಮುದುಕಿ ಹನ್ನೊಂದರಲ್ಲಿ ಮೂರು ಸೀರೆ ಆರಿಸಿ, ಉಳಿದವನ್ನು ಟ್ರಂಕಿಗೆ ಹಾಕಿಸಿದಳು. ಒಂದನ್ನು ಅಡಿಗೆ ಹಾಸಿ, ತಾಯಿಯ ಜೀರ್ಣವಾದ ಇಳಕಲ್ಲನ್ನು ಒಳಪದರಕ್ಕೆ ಹಾಸಿದಳು. ಅದರ ಮೇಲೆ ಗಟ್ಟಿಯಾದೊಂದು ಸೀರೆ ಹಾಸಲು ಹೋದಾಗ ಹೆಂಗಸು ಅವಳ ಕೈ ಹಿಡಿದಳು. ಮುದುಕಿ ಬಿಡಿಸಿಕೊಂಡು ಹೇಳಿದಳು, "ಮ್ಯಾಲಿಂದು ನೋಡಾಕ, ಒಳಗಿಂದು ಬೆಚ್ಚಗಿರಾಕ. ಮೊದಲ ನಾಕೂ ಮೂಲಿ ಹಿಡಿ. ಆಮ್ಯಾಲ ಅಂಚು. ಅಲ್ಲಿಂದ ಸಾಲು ಹಿಡದು ನಡುವಿಗೆ ಬಾ. ಮನಸ್ಸು ಬಂದ್ರೂ ದಿನಕ್ಕ ನಾಕು ಸಾಲು, ಬರದಿದ್ರೂ ನಾಕು ಸಾಲು."

ಹೆಂಗಸು ಹಾಗೆಯೇ ಮಾಡಿದಳು. ಕೆಲವು ದಿನ ನಾಲ್ಕು ಸಾಲು ನಾಲ್ಕು ಹರದಾರಿ ನಡೆದಂತಾಗುತ್ತಿತ್ತು. ಆದರೂ ಹೊಲಿದಳು. ಮೂಲೆಗಳು ನಿಂತ ಮೇಲೆ ಬಟ್ಟೆ ಜರುಗಲಿಲ್ಲ. ನೆರೆಯವರು ಒಬ್ಬೊಬ್ಬರಾಗಿ ಮತ್ತೆ ಬಂದು, ಒಂದೊಂದು ಬದಿ ಹಿಡಿದು ಕುಳಿತರು.

ಕೊನೆಗೆ ನಡುವೆ ಅಂಗೈ ಅಗಲದ ಜಾಗ ಉಳಿಯಿತು. ಮೇಲಿನ ಸೀರೆಯನ್ನು ಅಲ್ಲಿ ಕತ್ತರಿಸಿ ತೆರೆದು ಬಿಟ್ಟಿರುತ್ತಾರೆ. ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ಅಲ್ಲಿ ಒಣರೊಟ್ಟಿಯ ಚೂರೊಂದನ್ನು ಇಟ್ಟು, ಮೇಲೊಂದು ತುಂಡು ಬಟ್ಟೆ ಮುಚ್ಚಿ ಹೊಲಿದರೆ ಮುಗಿಯಿತು. ಆ ಕಿಂಡಿಯಲ್ಲಿ ತಾಯಿಯ ಇಳಕಲ್ ಕಾಣುತ್ತಿತ್ತು. ಇನ್ನು ಅಷ್ಟೇ ಕಾಣುತ್ತಿದ್ದದ್ದು.

ಹೆಂಗಸಿನ ಕೈ ನಿಂತಿತು. ರೊಟ್ಟಿ ಸಿದ್ಧವಿತ್ತು, ತುಂಡು ಬಟ್ಟೆ ಸಿದ್ಧವಿತ್ತು. ಅರ್ಧ ಗಳಿಗೆಯ ಕೆಲಸ. ಆರು ದಿನ ಅದನ್ನು ಮಡಿಲಲ್ಲಿ ಹಾಕಿಕೊಂಡು ಸುಮ್ಮನೆ ಕುಳಿತಳು. ಏಳನೆಯ ದಿನ ಬೆಳಿಗ್ಗೆ ಒಳಗಿನಿಂದ ಮಗಳು ನೋವಿಗೆ ಕೂಗಿದಳು. ಆಗ ಆಕೆ ಇಳಕಲ್ಲಿನ ಮೇಲೆ ಒಮ್ಮೆ ಕೈಯಾಡಿಸಿ, ಅಳುತ್ತಲೇ ರೊಟ್ಟಿಯ ಚೂರು ಇಟ್ಟು ಹೊಲಿದು ಮುಚ್ಚಿದಳು. ಮಧ್ಯಾಹ್ನಕ್ಕೆ ಹೆಣ್ಣು ಕೂಸು ಹುಟ್ಟಿತು. ಕೌದಿಯಲ್ಲಿ ಸುತ್ತಿದೊಡನೆ ಅಳು ನಿಲ್ಲಿಸಿ ಮಲಗಿತು.

ಗುರುಗಳು ಕತೆ ನಿಲ್ಲಿಸಿದರು. ದಾನಪ್ಪ ಕೇಳಿದ:

"ಮೂಲೆ, ಅಂಚು, ದಿನಕ್ಕೆ ನಾಲ್ಕು ಸಾಲು, ಇದೆಲ್ಲ ತಿಳಿಯಿತು ಗುರುಗಳೇ. ಆದರೆ ಆಕೆ ಸೋಮಾರಿಯಲ್ಲ. ಅರ್ಧ ಗಳಿಗೆಯ ಕೆಲಸ ಇಟ್ಟುಕೊಂಡು ಆರು ದಿನ ಏಕೆ ಕುಳಿತಳು?"

ಗುರುಗಳು ಹೇಳಿದರು: "ಮುಗಿಸಿದರೆ ಅವ್ವ ಇನ್ನೊಮ್ಮೆ ಹೋಗಿಬಿಡುತ್ತಾಳೆಂದು ಹೆದರಿ ಕುಳಿತಿದ್ದಳಪ್ಪ, ನಿನ್ನ ಹಾಗೆಯೇ."