ಕುಂಕುಮ ಬಿದ್ದ ಕಲ್ಲು

"ಗಂಡಾಂತರದಿಂದ ಪಾರಾದವನು ದೇವರಿಗೆ ಏನು ಸಲ್ಲಿಸಬೇಕು, ಗುರುಗಳೇ?"

ಕೇಳಿದವನು ಮಠದ ಶಿಷ್ಯ ಓಂಕಾರಪ್ಪ. ಅವನ ಅಣ್ಣನಿಗೆ ಹಾವು ಕಡಿದು, ಆಸ್ಪತ್ರೆಗೆ ಹೊತ್ತೊಯ್ದು, ಜೀವ ಉಳಿದಿತ್ತು. ಮನೆಯಲ್ಲಿ ಒಬ್ಬರು ಬೆಳ್ಳಿಯ ನಾಗರ ಮಾಡಿಸೋಣ ಎಂದರೆ ಇನ್ನೊಬ್ಬರು ಅನ್ನದಾನ ಎನ್ನುತ್ತಿದ್ದರು. ಕೊನೆಗೆ ಗುರುಗಳನ್ನೇ ಕೇಳಿ ಬಾ ಎಂದು ಅವನನ್ನು ಕಳಿಸಿದ್ದರು.

ಎಲ್ಲ ಕೇಳಿ ಗುರುಗಳು ನಕ್ಕರು. "ದೇವರು ಬಂದು ನನಗೆ ಬೆಳ್ಳಿ ಬೇಕು ಅಂತ ನಿನ್ನ ಕಿವಿಯಲ್ಲಿ ಹೇಳಿದನೇನು? ಕೂತ್ಕೋ. ಒಂದು ಕತೆ ಹೇಳುತ್ತೇನೆ. ಕತೆ ಅಂದರೆ ನಡೆದದ್ದೇ. ಹೆಸರು ಹೇಳುವುದಿಲ್ಲ, ಆ ಮನೆಯವರು ಇನ್ನೂ ಇದ್ದಾರೆ."

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಮೋಟಾರ್ ಸೈಕಲ್ಲಿನ ಹಿಂದೆ ಸ್ಟೀಲ್ ಪಾತ್ರೆಗಳನ್ನು ಗೋಪುರದ ಹಾಗೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ. ಹಳೆ ಸೀರೆ ತೆಗೆದುಕೊಂಡು ಹೊಸ ತಪ್ಪಲೆ ಕೊಡುತ್ತಿದ್ದ. ಹೆಂಗಸರು ಚೌಕಾಸಿ ಮಾಡಿದರೆ ಮುಖ ಗಂಟಿಕ್ಕುತ್ತಿರಲಿಲ್ಲ. ಒಳ್ಳೆಯವನು. ಅವನ ಎದೆಯಲ್ಲಿ ಇದ್ದ ಕೊರಗು ಒಂದೇ. ಹೆಂಡತಿಗೆ ಎರಡು ಸಲ ಕೂಸು ಹುಟ್ಟಿ, ಎರಡೂ ಸಲ ಅವನೇ ಮಣ್ಣು ಮಾಡಿ ಬಂದಿದ್ದ.

ಮೂರನೆಯ ಸಲ ಬಸಿರು ನಿಂತಿತು. ಏಳು ತಿಂಗಳು ತುಂಬಿದ ಮೇಲೆ ಪಾತ್ರೆಗಳನ್ನೆಲ್ಲ ಇಳಿಸಿ, ಸೀಟಿನ ಮೇಲೆ ದಿಂಬು ಹಾಸಿ, ಹೆಂಡತಿಯನ್ನು ಕೂರಿಸಿಕೊಂಡು ಸೀಮಂತಕ್ಕೆಂದು ಅವಳ ತವರಿಗೆ ಹೊರಟ. ಗಾಡಿಯನ್ನು ಎಂದಿಗಿಂತ ನಿಧಾನವಾಗಿ ಓಡಿಸುತ್ತಿದ್ದ.

ಅದೇ ದಾರಿಯಲ್ಲಿ ಅಂದು ಬೆಳಗ್ಗೆ ಒಂದು ಲಾರಿ ಕೆಟ್ಟು ನಿಂತಿತ್ತು. ನಮ್ಮ ಲಾರಿಯವರ ಪದ್ಧತಿ ನಿನಗೂ ಗೊತ್ತು. ಗಾಡಿ ನಿಂತರೆ ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಗಾಡಿ ಹೊರಟರೆ ಕಲ್ಲು ಇದ್ದಲ್ಲೇ ಇರುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ತಿರುವು ದಾಟುತ್ತಲೇ ಎದುರು ಬಿಸಿಲು ಕಣ್ಣಿಗೆ ಹೊಡೆಯಿತು. ಮುಂದಿನ ಚಕ್ರ ಹೋಗಿ ಕಲ್ಲಿಗೆ ಬಡಿಯಿತು. ರಿಮ್ಮು ಒಳಕ್ಕೆ ಮಡಚಿಕೊಂಡಿತು, ಕಡ್ಡಿಗಳು ಪಟಪಟನೆ ಮುರಿದವು, ಟೈರಿನ ಗಾಳಿ ಒಂದೇ ಸಲಕ್ಕೆ ಹೋಯಿತು. ಗಾಡಿ ಅಡ್ಡ ಎಳೆದುಕೊಂಡು ಹೋಗಿ ಪಕ್ಕದಲ್ಲಿ ಪೈಪಿಗೆಂದು ಅಗೆದು ಹಾಕಿದ್ದ ಮಣ್ಣಿನ ರಾಶಿಗೆ ಬಿತ್ತು. ಅವನ ಮೊಣಕೈ ತರಚಿ ರಕ್ತ ಸುರಿಯಿತು. ಹೆಂಡತಿ ಮೆತ್ತನೆಯ ಮಣ್ಣಿನ ಮೇಲೆ ಕೂತ ಹಾಗೆ ಬಿದ್ದಳು. ಅವನು ತೆವಳಿಕೊಂಡು ಬಂದು ಅವಳ ಹೊಟ್ಟೆಯ ಮೇಲೆ ಕೈಯಿಟ್ಟ. ಒಳಗೆ ಕೂಸು ಒದೆಯಿತು. ಗಂಡಸು ನಡುರಸ್ತೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಅತ್ತು ಮುಗಿದ ಮೇಲೆ ಕಲ್ಲಿನ ಕಡೆ ನೋಡಿದ. ಚಕ್ರ ಹಪ್ಪಳದ ಹಾಗೆ ಮುದುರಿದೆ. ಮೂರು ಜೀವ ಉಳಿದಿವೆ. ಇದು ಬರೀ ಕಲ್ಲಾಗಿರಲು ಸಾಧ್ಯವೇ ಇಲ್ಲ ಎಂದು ಅವನಿಗೆ ಅನಿಸಿತು. ತವರಿಗೆಂದು ಹೆಂಡತಿ ಚೀಲದಲ್ಲಿ ಅರಿಸಿನ ಕುಂಕುಮ ಇಟ್ಟುಕೊಂಡಿದ್ದಳು. ತೆಗೆದು ಕಲ್ಲಿಗೆ ಹಚ್ಚಿದ. ಕೂಸು ನೆಟ್ಟಗೆ ಹುಟ್ಟಿದರೆ ವರ್ಷ ತುಂಬಿದ ದಿನ ಇಲ್ಲೇ ಬಂದು ಎಡೆ ಇಡುತ್ತೇನೆ ಎಂದು ಹರಕೆ ಹೊತ್ತ.

"ಮೊದಲು ಆ ಕಲ್ಲನ್ನ ಪಕ್ಕಕ್ಕೆ ಹಾಕಿ. ಹಿಂದೆ ಬರೋರು ಬಿದ್ದಾರು" ಎಂದಳು ಹೆಂಡತಿ.

"ಬಿಡ್ತು ಅನ್ನು. ಕುಂಕುಮ ಇಟ್ಟ ಮೇಲೆ ಕದಲಿಸಬಾರದು" ಎಂದ ಅವನು.

ಕುಂಕುಮ ಬಿದ್ದ ಕಲ್ಲನ್ನು ನಮ್ಮ ಸೀಮೆಯಲ್ಲಿ ಮುಟ್ಟುವ ಗಂಡು ಯಾರಿದ್ದಾನೆ, ಹೇಳು? ಮರುದಿನ ಯಾರೋ ನಿಂಬೆಹಣ್ಣು ಇಟ್ಟರು. ವಾರದೊಳಗೆ ಹೂವಿನ ಹಾರ ಬಿತ್ತು. ಬಸ್ಸಿನವರು ಅಲ್ಲಿಗೆ ಬಂದಾಗ ಬಲಕ್ಕೆ ಸುತ್ತಿಸಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡರು. ಪಾತ್ರೆಯವನ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಕಲ್ಲು ಅಮ್ಮನಾಗಿ ಅದಕ್ಕೊಂದು ಹೆಸರೂ ಆಯಿತು. ಆ ಹೆಸರೂ ಬೇಡ. ಮೆತ್ತಗೆ ಹಿಡಿದುಕೊಂಡಿದ್ದು ಮಣ್ಣಿನ ರಾಶಿ, ಅದಕ್ಕೆ ಒಂದು ಎಸಳು ಹೂವು ಹಾಕಿದವರಿಲ್ಲ.

ಆಮೇಲೆ ರಸ್ತೆ ರಿಪೇರಿಯವರು ಬಂದರು. ಮಣ್ಣಿನ ರಾಶಿ ಸಾಗಿಸಿದರು. ಕಲ್ಲು ಎಬ್ಬಿಸಲು ಹಾರೆ ತಂದರು. ವ್ಯಾಪಾರಿ ಸುದ್ದಿ ತಿಳಿದು ಓಡಿಬಂದು ಕಲ್ಲಿಗೆ ಅಡ್ಡ ಮಲಗಿಬಿಟ್ಟ. ಹೆಂಡತಿಗೆ ಆಗ ದಿನ ತುಂಬಿತ್ತು. ಕಲ್ಲು ಕದಲಿದರೆ ಕೂಸೂ ಕದಲೀತು ಎಂಬ ಹೆದರಿಕೆ ಅವನನ್ನು ತಿನ್ನುತ್ತಿತ್ತು. ಎರಡು ಕೂಸು ಮಣ್ಣು ಮಾಡಿದವನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ, ಓಂಕಾರಪ್ಪ. ಕೆಲಸದವರೂ ಮಕ್ಕಳೊಂದಿಗರೇ. ನಮಗೇಕೆ ಇಲ್ಲದ ಉಸಾಬರಿ ಎಂದು ಕಲ್ಲಿನ ಸುತ್ತ ಡಾಂಬರು ಸುರಿದು ಹೋದರು. ಕಲ್ಲು ಗಟ್ಟಿಯಾಗಿ ಕೂತಿತು.

ಹೆಣ್ಣು ಕೂಸು ಹುಟ್ಟಿತು. ಗುಂಡುಗುಂಡಗೆ ಇತ್ತು. ವರ್ಷ ತುಂಬಿದಾಗ ವ್ಯಾಪಾರಿ ಹರಕೆ ತೀರಿಸಲು ನೆಂಟರಿಷ್ಟರನ್ನೆಲ್ಲ ಆ ಜಾಗಕ್ಕೆ ಕರೆದ. ಹೆಂಡತಿಗೆ ಒಬ್ಬನೇ ತಮ್ಮ. ತಾಯಿ ಸತ್ತ ಮೇಲೆ ಅವನು ಅಕ್ಕನ ಸೊಂಟದ ಮೇಲೆಯೇ ಬೆಳೆದವನು. ದೂರದ ಊರಿನಲ್ಲಿ ಕೆಲಸಕ್ಕಿದ್ದ, ಕಲ್ಲಿನ ಸುದ್ದಿ ಕೇಳಿದ್ದನೇ ಹೊರತು ಕಲ್ಲನ್ನು ಕಂಡಿರಲಿಲ್ಲ. ಅಕ್ಕನ ಮಗಳಿಗೆ ಕಾಲ್ಗೆಜ್ಜೆ ತೆಗೆದುಕೊಂಡು ಮೋಟಾರ್ ಸೈಕಲ್ಲಿನಲ್ಲಿ ಬಂದ.

ಒಳ್ಳೆಯ ಬೆಳಕಿತ್ತು. ರಸ್ತೆಯ ಪಕ್ಕದಲ್ಲಿ ಒಲೆ ಹೂಡಿ ಪಾಯಸಕ್ಕೆ ಇಟ್ಟಿದ್ದರು. ಗಾಡಿಯ ಸದ್ದು ಕೇಳಿ ವ್ಯಾಪಾರಿ ಮುಂದೆ ಬಂದ. ಭಾವಮೈದುನನನ್ನು ಗುರುತು ಹಿಡಿದು, ಇಲ್ಲೇ ಬಾ, ಇಲ್ಲೇ ಎಂದು ಎರಡೂ ಕೈ ಎತ್ತಿ ಕರೆದ. ಹುಡುಗ ಭಾವನ ಮುಖ ನೋಡಿ ನಗುತ್ತ ತಾನೂ ಒಂದು ಕೈ ಎತ್ತಿದ. ಚಕ್ರ ಕಲ್ಲಿಗೆ ಹೊಡೆಯಿತು.

ಈ ಸಲ ಪಕ್ಕದಲ್ಲಿ ಮಣ್ಣಿರಲಿಲ್ಲ. ಮೋರಿಯ ಕಟ್ಟೆ ಇತ್ತು. ಬಾಯಿಗೆ ನೀರು ಬಿಡುವಷ್ಟರಲ್ಲಿ ಅಕ್ಕನ ತೊಡೆಯ ಮೇಲೆ ಪ್ರಾಣ ಹೋಯಿತು.

ಅವಳು ಅಳಲಿಲ್ಲ. ಗಂಡನ ಕಡೆ ತಿರುಗಿ, "ಈಗಲಾದರೂ ತೆಗೀತೀರಾ?" ಎಂದಳು.

ಅವನು ಹಾರೆ ತಂದ. ಕಲ್ಲಿನ ಬುಡಕ್ಕೆ ಎರಡು ಏಟು ಹಾಕಿದ. ಮೂರನೆಯ ಏಟಿಗೆ ಜನ ಬಂದು ಕೈ ಹಿಡಿದರು. "ಅಮ್ಮ ಒಂದು ಜೀವ ಕೇಳಿದ್ದಳು, ತಗೊಂಡಳು. ಈಗ ಮುಟ್ಟಿದರೆ ನಿನ್ನ ಮಗಳನ್ನ ಬಿಡ್ತಾಳಾ?" ಎಂದರು.

ವ್ಯಾಪಾರಿ ಮಗಳ ಕಡೆ ನೋಡಿದ. ಕೂಸು ಯಾರದೋ ಕಂಕುಳಲ್ಲಿ ಕೂತು ಬೆರಳು ಚೀಪುತ್ತಿತ್ತು. ಅವನು ಹಾರೆಯನ್ನು ಕೆಳಗಿಟ್ಟ.

ಹೆಂಡತಿ ಎದ್ದಳು. ಸೆರಗಿನ ರಕ್ತವನ್ನೂ ಒರೆಸದೆ ಕೂಸನ್ನು ಎತ್ತಿಕೊಂಡಳು. ತಮ್ಮನ ಹೆಣದ ಜೊತೆ ತವರಿಗೆ ಹೋದವಳು ಮತ್ತೆ ಗಂಡನ ಹೊಸ್ತಿಲು ತುಳಿಯಲಿಲ್ಲ. ಅವನು ಎಷ್ಟೋ ಸಲ ಹೋಗಿ ಬಾಗಿಲಲ್ಲಿ ನಿಂತು ಬಂದ. ಕೊನೆಗೆ ಪಾತ್ರೆ ವ್ಯಾಪಾರವನ್ನೂ ಬಿಟ್ಟ. ಊರಿನವರು ಮಾತ್ರ ಆ ವರ್ಷವೇ ಚಂದಾ ಎತ್ತಿ ಕಲ್ಲಿಗೆ ಗುಡಿ ಕಟ್ಟಿಸಿದರು. ರಸ್ತೆಯೇ ಪಕ್ಕಕ್ಕೆ ಸರಿಯಿತು.

ಗುರುಗಳು ಮಾತು ನಿಲ್ಲಿಸಿದರು. ಬೆಳ್ಳಿಯ ಮಾತನ್ನು ಓಂಕಾರಪ್ಪ ಮತ್ತೆ ಎತ್ತಲಿಲ್ಲ.

"ಗುರುಗಳೇ, ಆ ಹಾಳು ಕಲ್ಲು ಈಗ ಎಲ್ಲಿದೆ?" ಎಂದ.

"ಇವತ್ತು ಬರುವಾಗ ದಾರಿಬದಿಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈ ಮುಗಿದು ಬಂದಿರುತ್ತೀಯಲ್ಲ, ಅದೇ."