ಪಾಳೇಗಾರರ ಕತ್ತಿಗೆ ವಾರಸುದಾರ

ಇತಿಹಾಸ ಸಂಘದ ಅಧ್ಯಕ್ಷ ಜಯದೇವಪ್ಪನವರು ಪಾಳೇಗಾರರ ವಂಶಸ್ಥರೆಂದು ಊರೆಲ್ಲ ನಂಬಿತ್ತು. ಹಾಗೆಂದು ಹೇಳಿದವರೂ ಅವರೇ.

ಒಂದು ದಿನ ಅವರು ಊರಿನ ವಸ್ತುಸಂಗ್ರಹಾಲಯಕ್ಕೆ ಬಂದು, ಅಲ್ಲಿ ತೂಗುಹಾಕಿದ್ದ ಪಾಳೇಗಾರರ ಕತ್ತಿಯನ್ನು ಕಾವಲಿನ ಓಬಕ್ಕನಿಗೆ ತೋರಿಸಿ, "ಆ ಕತ್ತಿ ಇಳಿಸು. ನಮ್ಮ ಮನೆತನದ್ದು, ನಮ್ಮ ಗೋಡೆಯ ಮೇಲಿರಲಿ" ಎಂದರು. ಜನ ಬರುತ್ತಿದ್ದುದೇ ಆ ಕತ್ತಿ ನೋಡಲು. ಅದು ಹೋದರೆ ಓಬಕ್ಕನ ಕೆಲಸವೂ ಹೋದಂತೆ.

"ಆಗಲಿ ಬುದ್ಧಿ. ಕತ್ತಿ ಮನೆ ತುಂಬಿಸಿಕೊಂಡ ದಿನ ನಿಮ್ಮ ಹಿರೀಕರು ಊರಿಗೆಲ್ಲ ಊಟ ಹಾಕಿಸುತ್ತಿದ್ದರಂತೆ," ಎಂದಳು ಓಬಕ್ಕ.

"ನಮ್ಮ ಮನೆತನದ ಪದ್ಧತಿ ನಮಗೇ ಹೇಳ್ತೀಯಾ?"

ಸಂಜೆ ನಲ್ಲಿಯ ಹತ್ತಿರ ನೀರಿಗೆ ಬಂದವರಿಗೆ ಓಬಕ್ಕ ಅಷ್ಟನ್ನೇ ಹೇಳಿದಳು: ನಾಳೆ ಕತ್ತಿ ಅಧ್ಯಕ್ಷರ ಮನೆಗೆ, ಊರಿಗೆಲ್ಲ ಊಟ ಅವರ ಮನೆತನದ ಪದ್ಧತಿ. ಮರುದಿನ ಅಧ್ಯಕ್ಷರ ಮನೆ ಮುಂದೆ ಊರಿಗೆ ಊರೇ ತಟ್ಟೆ ಹಿಡಿದು ಕೂತಿತ್ತು. ಅವಳೂ ಕತ್ತಿ ಹೊತ್ತು ಬಂದಳು.

"ತಗೊಳ್ಳಿ ದೊರೆ. ಜನ ಹಸಿದಿದ್ದಾರೆ."

ಜಯದೇವಪ್ಪನವರು ಕತ್ತಿ ಮುಟ್ಟದೆ ಹಿಂದೆ ಸರಿದು ಹೇಳಿದರು: "ಯಾವ ದೊರೆ? ನಮ್ಮ ತಾತ ಈ ಊರಿಗೆ ಬಂದದ್ದೇ ರೈಲಿನಲ್ಲಿ."